ಮನೆಯ ಕಂಪ್ಯೂಟರ್‌ಗಳಲ್ಲಿ ಫೋನ್ ನಂಬರ್‌ಗಳು ತಾಳೆ ಆಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಈಗ ಒಂದೇ ಕಂಪ್ಯೂಟರ್ ಇರುವುದು ಕಡಿಮೆ. ನಮ್ಮಲ್ಲಿ ಅಪ್ಪಯ್ಯನ ಅಡಿಕೆ ಲೆಕ್ಕಕ್ಕೆ ವಿಂಡೋಸ್ ಡೆಸ್ಕ್‌ಟಾಪ್ ಇದೆ. ಬೆಂಗಳೂರಿನ ಕೆಲಸವನ್ನು ಅರ್ಧ ವರ್ಷ ಮನೆಯಿಂದಲೇ ಮಾಡುವ ತಂಗಿಯದು ಮ್ಯಾಕ್‌ಬುಕ್. ನನ್ನದು ಲಿನಕ್ಸ್ ಮಿಂಟ್ ಹಾಕಿಕೊಂಡ ಹಳೆಯ ಲ್ಯಾಪ್‌ಟಾಪ್. ನಂಬರ್‌ಗಳು ಮಾತ್ರ ಎಲ್ಲರಿಗೂ ಒಂದೇ ಬೇಕು. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧ ಹೊಡೆಸಲು ಕೊನೆಗೌಡರಿಗೆ, ಅಂದರೆ ಅಡಿಕೆ ಮರ ಹತ್ತುವವರಿಗೆ, ಫೋನ್ ಮಾಡಬೇಕು. ಅವರು ಸಿಮ್ ಬದಲಿಸಿದ್ದಾರೆ. ಹೊಸ ನಂಬರ್ ಮ್ಯಾಕ್‌ನಲ್ಲಿದೆ, ಡೆಸ್ಕ್‌ಟಾಪ್‌ನಲ್ಲಿ ಇನ್ನೂ ಹಳೆಯದೇ. "ಕೊನೆಗೌಡ್ರ ನಂಬರು ಇದ್ರಲ್ಲಿ ಇಲ್ಯಲ ಮಾಣಿ" ಎಂದು ಆಯಿ ಕರೆಯುವುದು ಇಂಥ ಹೊತ್ತಿನಲ್ಲೇ. ಕೊಳೆ ಬರುವ ಕಾಲದಲ್ಲಿ ಎರಡು ದಿನ ತಡವಾದರೂ ಅದು ಸಣ್ಣ ವಿಷಯ ಅಲ್ಲ.

ಎಲ್ಲ ಕಂಪ್ಯೂಟರ್‌ಗಳಲ್ಲೂ ನಂಬರ್‌ಗಳನ್ನು ತಾನಾಗಿ ಒಂದೇ ಮಾಡಿಡುವುದಕ್ಕೆ ಸಿಂಕ್ ಎನ್ನುತ್ತಾರೆ. ಅದು ಕೆಟ್ಟಾಗ ಹೆಚ್ಚಿನವರು ಮೊದಲು ಮಾಡುವುದು ಅಕೌಂಟ್ ತೆಗೆದು ಮತ್ತೆ ಹಾಕುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಅಕೌಂಟ್ ತೆಗೆದರೆ, ಆ ಕಂಪ್ಯೂಟರ್‌ನಲ್ಲಿ ಮಾತ್ರ ಇದ್ದ ನಂಬರ್‌ಗಳೂ ಹೋಗಬಹುದು. ನಂಬರ್‌ಗಳ ಒಂದೇ ಪುಸ್ತಕವನ್ನು (ಅಡ್ರೆಸ್ ಬುಕ್) ಮೂಲ ಎಂದು ಒಪ್ಪಿಕೊಳ್ಳಬೇಕು, ಅಲ್ಲಿಂದ ಒಂದೊಂದೇ ಹೆಜ್ಜೆ ಹೊರಗೆ ನೋಡುತ್ತಾ ಬರಬೇಕು. ತೋಟಕ್ಕೆ ನೀರು ಬರದಿದ್ದರೆ ಟ್ಯಾಂಕಿನಿಂದ ಪೈಪ್ ಹಿಡಿದು ನೋಡುತ್ತಾ ಹೋಗುತ್ತೇವಲ್ಲ, ಹಾಗೇ.

ಮೊದಲು ಪ್ರತಿ ತೆಗೆದಿಡಿ

ಪ್ರತಿ ಕಂಪ್ಯೂಟರ್‌ನಿಂದ ಬೇರೆ ಬೇರೆಯಾಗಿ ಎಲ್ಲ ನಂಬರ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ. ವಿಸಿಎಫ್ ಫೈಲ್ ಆಗಿರಲಿ, ನಂಬರ್‌ಗಳನ್ನು ಬರೆದಿಡುವ ಫೈಲ್ ಅದು. ಹೆಸರಿನಲ್ಲಿ ಯಾವ ಕಂಪ್ಯೂಟರ್, ಯಾವ ದಿನ ಎಂದು ಬರೆಯಿರಿ. ಪೆನ್‌ಡ್ರೈವ್‌ಗೆ ಹಾಕಿ ಪಕ್ಕಕ್ಕಿಡಿ. ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ಅದೇ ಸಿಂಕ್‌ನ ಕೆಲಸ.

ಆಗಲೇ ಅಳಿದುಹೋಗಿದ್ದರೆ ಗಾಬರಿ ಬೇಡ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಬದಲಾವಣೆಗಳನ್ನು ಹಿಂದಕ್ಕೆ ತಿರುಗಿಸುವ ಆಯ್ಕೆ ಇದೆ, 30 ದಿನದ ಒಳಗಿನ ಸ್ಥಿತಿಗೆ ವಾಪಸ್ ಹೋಗಬಹುದು. ಐಕ್ಲೌಡ್‌ನ ವೆಬ್‌ಸೈಟ್‌ನಲ್ಲೂ ಡೇಟಾ ರಿಕವರಿ ಎಂಬಲ್ಲಿ ಹಳೆಯ ಪ್ರತಿಗಳು ಸಿಗುತ್ತವೆ. ಎರಡರಲ್ಲೂ ಪೂರ್ತಿ ಪುಸ್ತಕವೇ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಆಮೇಲೆ ಸೇರಿಸಿದ ಹೊಸ ನಂಬರ್‌ಗಳನ್ನು ಮೊದಲು ಬೇರೆ ಬರೆದಿಟ್ಟುಕೊಳ್ಳಿ.

ಸಿಂಕ್ ನಡೆಯುವ ದಾರಿ

ಒಬ್ಬರ ಹೆಸರು, ನಂಬರ್, ವಿಳಾಸ ಸೇರಿ ಒಂದು ಕಾರ್ಡ್. ಅದನ್ನು ಬರೆಯುವ ಪದ್ಧತಿಗೆ ವಿಕಾರ್ಡ್ ಎನ್ನುತ್ತಾರೆ. ಹಳೆಯ ಕೀಪ್ಯಾಡ್ ಫೋನ್‌ಗಳು 2.1 ಆವೃತ್ತಿ ಬರೆಯುತ್ತಿದ್ದವು. 3.0 ಬಂದದ್ದು 1998ರಲ್ಲಿ, 4.0 ಬಂದದ್ದು 2011ರಲ್ಲಿ. ಕಾರ್ಡ್‌ಗಳನ್ನು ಸರ್ವರ್‌ಗೂ (ಮೂಲ ಪುಸ್ತಕ ಇರುವ ಜಾಗ) ಕಂಪ್ಯೂಟರ್‌ಗೂ ನಡುವೆ ಓಡಾಡಿಸುವ ಪದ್ಧತಿ ಕಾರ್ಡ್‌ಡಾವ್, ಅದೂ 2011ರದ್ದೇ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಯಾವ ಕಂಪನಿಯದೂ ಅಲ್ಲದ, ಎಲ್ಲರಿಗೂ ಅರ್ಥವಾಗುವ ಪದ್ಧತಿ ಇದು.

ಮ್ಯಾಕ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ಗೆ ಕಾರ್ಡ್‌ಡಾವ್ ಬರುತ್ತದೆ. ಲಿನಕ್ಸ್‌ನಲ್ಲಿ ಎವಲ್ಯೂಷನ್ ಎಂಬ ಮೇಲ್ ಆ್ಯಪ್‌ಗೆ ಬರುತ್ತದೆ. ಥಂಡರ್‌ಬರ್ಡ್ ಎಂಬ ಇನ್ನೊಂದು ಮೇಲ್ ಆ್ಯಪ್‌ಗೆ 2021ರ 91ನೇ ಆವೃತ್ತಿಯಿಂದ ಬರುತ್ತದೆ. ಅದು ಮೂರೂ ಸಿಸ್ಟಮ್‌ನಲ್ಲಿ ಓಡುವುದರಿಂದ ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುವುದು. ಆಂಡ್ರಾಯ್ಡ್ ಫೋನಿಗೆ ಡಾವ್‌ಎಕ್ಸ್5 ಎಂಬ ಆ್ಯಪ್ ಬೇಕು. ವಿಂಡೋಸ್‌ನ ಔಟ್‌ಲುಕ್‌ಗೆ ಮಾತ್ರ ಕಾರ್ಡ್‌ಡಾವ್ ನೇರವಾಗಿ ಬರುವುದಿಲ್ಲ, ಅದಕ್ಕೆ ಆ್ಯಡ್-ಇನ್ ಎಂಬ ಜೋಡಣೆಯ ಪುಟ್ಟ ಪ್ರೋಗ್ರಾಂ ಬೇರೆ ಹಾಕಬೇಕು. ಸರ್ವರ್ ಜಾಗದಲ್ಲಿ ಗೂಗಲ್, ಐಕ್ಲೌಡ್, ನೆಕ್ಸ್ಟ್‌ಕ್ಲೌಡ್ ಯಾವುದಾದರೂ ಇರಬಹುದು. ಮನೆಯಲ್ಲೇ ಓಡಿಸುವ ರಾಡಿಕಾಲೆ ಎಂಬ ಪುಟ್ಟ ಸರ್ವರ್ ಆದರೂ ಸರಿ. ಎಷ್ಟೇ ಕಂಪ್ಯೂಟರ್ ಇರಲಿ, ಸರ್ವರ್ ಒಂದೇ ಇರಬೇಕು.

ಒಂದು ಸುಳ್ಳು ಕಾರ್ಡ್ ಹಾಕಿ ನೋಡಿ

ಎಲ್ಲಿ ಕಡಿದಿದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಡೆಸ್ಕ್‌ಟಾಪ್‌ನಲ್ಲಿ "ಪರೀಕ್ಷೆ ವಿಂಡೋಸ್" ಎಂದು ಒಂದು ಕಾರ್ಡ್ ಮಾಡಿ. ಮ್ಯಾಕ್‌ನಲ್ಲಿ "ಪರೀಕ್ಷೆ ಮ್ಯಾಕ್", ಲ್ಯಾಪ್‌ಟಾಪ್‌ನಲ್ಲಿ "ಪರೀಕ್ಷೆ ಲಿನಕ್ಸ್". ಹೆಸರು ಕನ್ನಡದಲ್ಲೇ ಇರಲಿ, ಅಕ್ಷರದ ದೋಷವೂ ಒಟ್ಟಿಗೇ ಗೊತ್ತಾಗುತ್ತದೆ. ಪ್ರತಿಯೊಂದರಲ್ಲೂ ಕೈಯಾರೆ ಸಿಂಕ್ ಒತ್ತಿ. ಈಗ ಬ್ರೌಸರ್‌ನಲ್ಲಿ ಸರ್ವರ್‌ನ ಪುಟ ತೆರೆದು ನೋಡಿ. ಬೇರೆ ಕಂಪ್ಯೂಟರ್‌ಗಳನ್ನು ಆಮೇಲೆ ನೋಡಿದರಾಯಿತು.

ಕಾರ್ಡ್ ಸರ್ವರ್‌ನಲ್ಲೇ ಕಾಣದಿದ್ದರೆ ಅದನ್ನು ಬರೆದ ಕಂಪ್ಯೂಟರ್‌ನ ಕಡೆ ತೊಂದರೆ. ಸರ್ವರ್‌ನಲ್ಲಿ ಕಂಡು ಮ್ಯಾಕ್‌ನಲ್ಲಿ ಕಾಣದಿದ್ದರೆ ಮ್ಯಾಕ್ ಕಡೆ. ಎಲ್ಲ ಕಡೆ ಕಂಡರೂ ಹೆಸರು ಕೆಟ್ಟಿದ್ದರೆ ದಾರಿ ಸರಿ ಇದೆ, ಬರಹದಲ್ಲಿ ದೋಷ. ಎರಡೆರಡು ಕಂಡರೆ ಅದು ಬೇರೆಯೇ ಕಥೆ.

ಕಾರ್ಡ್ ಸರ್ವರ್ ಮುಟ್ಟಲೇ ಇಲ್ಲ

ಮೊದಲು ನೋಡಬೇಕಾದದ್ದು, ಕಾರ್ಡ್ ಯಾವ ಪುಸ್ತಕಕ್ಕೆ ಹೋಯಿತು ಎಂದು. ಬಹಳಷ್ಟು ಸಲ ಸಿಂಕ್ ಕೆಟ್ಟೇ ಇರುವುದಿಲ್ಲ, ಕಾರ್ಡ್ ಸುಮ್ನೆ ತಪ್ಪು ಪುಸ್ತಕದಲ್ಲಿ ಕೂತಿರುತ್ತದೆ. ಥಂಡರ್‌ಬರ್ಡ್‌ನಲ್ಲಿ ಪರ್ಸನಲ್ ಅಡ್ರೆಸ್ ಬುಕ್ ಎಂದು ಒಂದು, ಕಲೆಕ್ಟೆಡ್ ಅಡ್ರೆಸಸ್ ಎಂದು ಇನ್ನೊಂದು ಮೊದಲಿನಿಂದಲೇ ಇರುತ್ತವೆ. ಎರಡೂ ಆ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ನೀವು ಮೇಲ್ ಕಳಿಸಿದವರ ವಿಳಾಸ ತಾನಾಗಿ ಸೇರುವುದು ಎರಡನೆಯದಕ್ಕೆ. ಮ್ಯಾಕ್‌ನಲ್ಲಿ ಇದೇ ಜಾಗಕ್ಕೆ ಆನ್ ಮೈ ಮ್ಯಾಕ್ ಎಂಬ ಹೆಸರು. ಅಲ್ಲಿ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಡೀಫಾಲ್ಟ್ ಅಕೌಂಟ್ ಯಾವುದೆಂದು ನೋಡಿ, ಸರ್ವರ್‌ನ ಅಕೌಂಟ್‌ಗೆ ಬದಲಿಸಿ. ಎವಲ್ಯೂಷನ್‌ನಲ್ಲಿ ಆನ್ ದಿಸ್ ಕಂಪ್ಯೂಟರ್ ಕೆಳಗೆ ಪರ್ಸನಲ್ ಎಂದು ಇರುತ್ತದೆ. ಫೋನಿನಲ್ಲಾದರೆ ಸಿಮ್ ಅಥವಾ ಡಿವೈಸ್ ಎಂದು ಉಳಿಸಿದ ನಂಬರ್‌ಗಳು ಹೀಗೇ ಅಲ್ಲೇ ಉಳಿಯುತ್ತವೆ. ಕಾರ್ಡ್‌ಗಳನ್ನು ಸರಿಯಾದ ಪುಸ್ತಕಕ್ಕೆ ಎಳೆದು ಹಾಕಿ, ಮತ್ತೆ ಸಿಂಕ್ ಒತ್ತಿ. ಅರ್ಧದಷ್ಟು ಮನೆಗಳಿಗೆ ಈ ಕೈಪಿಡಿ ಇಲ್ಲಿಗೇ ಸಾಕಾಗಬಹುದು.

ಪುಸ್ತಕ ಸರಿ ಇದ್ದೂ ಹೋಗದಿದ್ದರೆ ಪಾಸ್‌ವರ್ಡ್ ನೋಡಿ. ಐಕ್ಲೌಡ್‌ಗೆ ಥಂಡರ್‌ಬರ್ಡ್‌ನಂಥ ಹೊರಗಿನ ಆ್ಯಪ್‌ನಿಂದ ಸೇರುವಾಗ ಆ ಆ್ಯಪ್‌ಗೆಂದೇ ಬೇರೆ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಆ್ಯಪಲ್ ಅಕೌಂಟ್‌ನ ಮುಖ್ಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಹಾಗೆ ಮಾಡಿದ್ದೆಲ್ಲ ರದ್ದಾಗುತ್ತವೆ. ಮ್ಯಾಕ್‌ನಲ್ಲಿ ಎಲ್ಲ ಸರಿ, ಲಿನಕ್ಸ್‌ನಲ್ಲಿ ಮಾತ್ರ ನಿಂತಿತು ಎಂದರೆ ಇತ್ತೀಚೆಗೆ ಯಾರಾದರೂ ಪಾಸ್‌ವರ್ಡ್ ಬದಲಿಸಿದ್ದಾರಾ ಎಂದು ಮನೆಯಲ್ಲಿ ಕೇಳಿ.

ಔಟ್‌ಲುಕ್ ಬಳಸುವವರಿಗೆ ಇನ್ನೊಂದು ಮಾತು. ಕಾರ್ಡ್‌ಡಾವ್ ಆ್ಯಡ್-ಇನ್‌ಗಳು ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಮಾತ್ರ ಓಡುತ್ತವೆ. ಮೇಲೆ ಬಲಗಡೆ ಇರುವ ನ್ಯೂ ಔಟ್‌ಲುಕ್ ಬಟನ್ ಯಾರೋ ಒತ್ತಿದರೆ ಆ್ಯಡ್-ಇನ್ ಕಾಣೆಯಾಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ಆ ದಿನದಿಂದ ಹೊಸ ನಂಬರ್ ಹೋಗುವುದು ನಿಲ್ಲುತ್ತದೆ. ಬಟನ್ ಹಿಂದಕ್ಕೆ ತಿರುಗಿಸಿ, ಅಥವಾ ಆ ಕಂಪ್ಯೂಟರ್‌ಗೂ ಥಂಡರ್‌ಬರ್ಡ್ ಹಾಕಿ.

ಕರೆಂಟ್ ಹೋಗಿ ಬಂದ ಮೇಲೆ ಸಿಂಕ್ ನಿಂತಿತು

ಘಟ್ಟದ ಮೇಲೂ ಕರಾವಳಿಯಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ ಇದನ್ನು ಬೇರೆಯಾಗಿಯೇ ನೋಡಬೇಕು. ಮರ ಬಿದ್ದು ಲೈನ್ ಕಡಿಯುತ್ತದೆ, ಕರೆಂಟ್ ಹತ್ತು ಸಲ ಹೋಗಿ ಹತ್ತು ಸಲ ಬರುತ್ತದೆ. ಅದರಿಂದ ಸಿಂಕ್‌ಗೆ ಮೂರು ಬಗೆಯ ತೊಂದರೆ ಆಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಗಡಿಯಾರ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲೆ ರೂಪಾಯಿ ಗಾತ್ರದ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಎಂದು ಅದರ ಮೇಲೇ ಬರೆದಿರುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್‌ನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರ್‌ನ ಭದ್ರತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇದೆ. ತಾರೀಕು ಆ ಅವಧಿಯ ಹೊರಗಿದ್ದರೆ ಕಂಪ್ಯೂಟರ್ ಆ ಸರ್ವರ್ ಅನ್ನು ನಂಬುವುದೇ ಇಲ್ಲ, ಸಿಂಕ್ ನಿಲ್ಲುತ್ತದೆ. ಬ್ರೌಸರ್‌ನಲ್ಲೂ ಸೈಟ್‌ಗಳು ಸುರಕ್ಷಿತವಲ್ಲ ಎಂದು ಬರುತ್ತಿದ್ದರೆ ಇದೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು. ಬ್ಯಾಟರಿ ಬದಲಿಸಿ, ಗಡಿಯಾರ ತಾನಾಗಿ ಹೊಂದುವ ಆಯ್ಕೆ ಹಾಕಿಡಿ. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದು ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪಿದರೆ ಬ್ಯಾಟರಿಯದ್ದೇನೂ ತಪ್ಪಲ್ಲ. ಒಳಗಿನ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ ಎಂದು ಓದುತ್ತದೆ. ಎರಡರಲ್ಲೊಂದಕ್ಕೆ ಪದ್ಧತಿ ಬದಲಿಸಲು ಹೇಳಬೇಕು.

ಎರಡನೆಯದು ಮನೆಯೊಳಗೇ ಸರ್ವರ್ ಇಟ್ಟವರದ್ದು. ರೂಟರ್ ಆರಿ ಹೊತ್ತಿಕೊಂಡಾಗ ಸರ್ವರ್ ಇರುವ ಕಂಪ್ಯೂಟರ್‌ಗೆ ಬೇರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡಬಹುದು. ನಿನ್ನೆ ಕೊನೆಯಲ್ಲಿ 5 ಇದ್ದದ್ದು ಇವತ್ತು 8 ಆಗಿರುತ್ತದೆ. ಉಳಿದ ಕಂಪ್ಯೂಟರ್‌ಗಳು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತವೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಆ ಕಂಪ್ಯೂಟರ್‌ಗೆ ಒಂದು ವಿಳಾಸವನ್ನು ಖಾಯಂ ಮಾಡಿಡಿ. ಇದರ ಜೊತೆಗೆ ಇನ್ನೆರಡು ವಿಷಯ ನೋಡಿಕೊಳ್ಳಿ. ರಾಡಿಕಾಲೆ ಹೊಸದಾಗಿ ಹಾಕಿದಾಗ ತನ್ನ ಕಂಪ್ಯೂಟರ್‌ನ ಮಾತನ್ನಷ್ಟೇ ಕೇಳುತ್ತದೆ. 5232ನೇ ಪೋರ್ಟ್‌ನಲ್ಲಿ ಮನೆಯ ಬೇರೆಯವರ ಮಾತೂ ಕೇಳು ಎಂದು ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಬರೆಯಬೇಕು. ಮತ್ತೆ, ಯಾರಾದರೂ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೆ ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಸರ್ವರ್ ಮಾತ್ರ ಸಿಗುವುದಿಲ್ಲ. ತಂಗಿ ಬೆಂಗಳೂರಿಗೆ ವಾಪಸ್ ಹೋದ ಮೇಲೆ ಅವಳ ಮ್ಯಾಕ್‌ನಲ್ಲಿ ಸಿಂಕ್ ನಿಂತರೆ ಅದು ದೋಷವೇ ಅಲ್ಲ. 192.168ರಿಂದ ಶುರುವಾಗುವ ವಿಳಾಸ ಮನೆಯ ಒಳಗೆ ಮಾತ್ರ ನಡೆಯುವುದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ನೆಟ್ ಇಲ್ಲದ ದಿನ ಅಪ್ಪಯ್ಯ ಡೆಸ್ಕ್‌ಟಾಪ್‌ನಲ್ಲಿ ಕೊನೆಗೌಡರ ಕಾರ್ಡ್‌ಗೆ ಹೊಸ ನಂಬರ್ ಹಾಕಿದರು. ಅದೇ ದಿನ ನಾನು ಅದೇ ಕಾರ್ಡ್‌ಗೆ ಊರಿನ ಹೆಸರು ಸೇರಿಸಿದೆ. ಪ್ರತಿ ಕಾರ್ಡ್‌ಗೆ ಸರ್ವರ್ ಒಂದು ಗುರುತು ಕೊಟ್ಟಿರುತ್ತದೆ, ಇಟ್ಯಾಗ್ ಎನ್ನುತ್ತಾರೆ. ಕಾರ್ಡ್ ಬದಲಾದಾಗ ಗುರುತೂ ಬದಲಾಗುತ್ತದೆ. ನೆಟ್ ಬಂದಾಗ ನನ್ನ ಲ್ಯಾಪ್‌ಟಾಪ್ ಮೊದಲು ತಲುಪಿ ಕಾರ್ಡ್ ಬದಲಿಸಿತು ಎಂದುಕೊಳ್ಳಿ. ಆಮೇಲೆ ಡೆಸ್ಕ್‌ಟಾಪ್ ಹಳೆಯ ಗುರುತು ಹಿಡಿದು ಬಂದರೆ ಸರ್ವರ್ 412 ಎಂಬ ಉತ್ತರ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ಆಗ ಕೆಲವು ಆ್ಯಪ್‌ಗಳು ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳುತ್ತವೆ. ಕೆಲವು ಕೇಳದೆ ಸರ್ವರ್‌ನದ್ದನ್ನೇ ಇಟ್ಟುಕೊಳ್ಳುತ್ತವೆ, ಅಪ್ಪಯ್ಯ ಹಾಕಿದ ನಂಬರ್ ಹೋಗುತ್ತದೆ. ಆ್ಯಪ್ ತನ್ನ ಕೆಲಸ ಬರೆದಿಡುವ ಲಾಗ್‌ನಲ್ಲಿ 412 ಕಂಡರೆ ಆ ಕಾರ್ಡ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಇದಕ್ಕೆ ಮನೆಯ ಕಟ್ಟಳೆಯೇ ಒಳ್ಳೆಯ ಮದ್ದು: ನೆಟ್ ಇಲ್ಲದಾಗ ಹಳೆಯ ಕಾರ್ಡ್ ಮುಟ್ಟಬಾರದು. ಬೇಕಾದರೆ ಹೊಸ ಕಾರ್ಡ್ ಮಾಡಿ, ಆಮೇಲೆ ಸೇರಿಸಿದರಾಯಿತು.

ಕನ್ನಡ ಹೆಸರು ಕೆಟ್ಟು ಬಂತು

ಇದು ನಮ್ಮ ದೋಷ. ಇಂಗ್ಲಿಷ್‌ನಲ್ಲಿ ಬರೆದಿರುವ ಸಹಾಯ ಪುಟಗಳಲ್ಲಿ ಇದರ ಬಗ್ಗೆ ಜಾಸ್ತಿ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ವಿಸಿಎಫ್ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದು ಬರೀ ಬರಹ, ಹೆದರುವಂಥದ್ದೇನೂ ಇಲ್ಲ. ಬಿಗಿನ್ ವಿಕಾರ್ಡ್ ಎಂದು ಶುರು. ಕೆಳಗೆ ವರ್ಷನ್, ಆಮೇಲೆ ಎನ್ ಎಂದು ಒಂದು ಸಾಲು, ಎಫ್‌ಎನ್ ಎಂದು ಇನ್ನೊಂದು, ಟೆಲ್ ಎಂದಿರುವಲ್ಲಿ ನಂಬರ್, ಯುಐಡಿ ಎಂದಿರುವಲ್ಲಿ ಆ ಕಾರ್ಡ್‌ನ ಖಾಸಾ ಗುರುತು. ಎಂಡ್ ವಿಕಾರ್ಡ್ ಎಂದು ಮುಗಿಯುತ್ತದೆ. ಈಗ ಹೆಸರಿನ ಸಾಲಿನಲ್ಲಿ ಏನಿದೆ ನೋಡಿ.

ಸಮ ಚಿಹ್ನೆಗಳ ಸಾಲೇ ಇದ್ದು, =ಇ0=ಬಿ2=95 ಎಂಬ ರೀತಿಯಲ್ಲಿ ಮೂರು ಮೂರು ಗುಂಪಾಗಿ ಕಂಡರೆ ಅದು ಹಳೆಯ 2.1 ಆವೃತ್ತಿಯ ಕಾರ್ಡ್. ಆ ಮೂರು ಸೇರಿದರೆ ಕ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. ಹೆಸರು ಹಾಳಾಗಿಲ್ಲ, ಬೇರೆ ರೀತಿ ಕಟ್ಟಿಟ್ಟಿದ್ದಾರೆ ಅಷ್ಟೇ. ಆದರೆ ಕಾರ್ಡ್‌ಡಾವ್ ಸರ್ವರ್‌ಗಳು ನೆಚ್ಚಿಕೊಂಡಿರುವುದು 3.0 ಅನ್ನು. 2.1 ಅನ್ನು ಕೆಲವು ತಿರಸ್ಕರಿಸುತ್ತವೆ, ಕೆಲವು ಸಮ ಚಿಹ್ನೆ ಸಮೇತ ನುಂಗುತ್ತವೆ. ಈ ಫೈಲ್ ಅನ್ನು ಮೊದಲು ಗೂಗಲ್ ಕಾಂಟ್ಯಾಕ್ಟ್ಸ್‌ನ ವೆಬ್ ಪುಟಕ್ಕೆ ಇಂಪೋರ್ಟ್ ಮಾಡಿ, ಹೆಸರುಗಳು ಸರಿಯಾಗಿ ಕಂಡ ಮೇಲೆ ಅಲ್ಲಿಂದ ಹೊಸದಾಗಿ ತೆಗೆದುಕೊಳ್ಳಿ. ಆ ಹೊಸ ಫೈಲ್‌ನ ವರ್ಷನ್ ಸಾಲಿನಲ್ಲಿ 3.0 ಇದೆಯೇ ಎಂದೂ ನೋಡಿಕೊಳ್ಳಿ.

ತಲೆಯ ಮೇಲೆ ಓರೆ ಗೆರೆ ಇರುವ ಸಣ್ಣ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಹತ್ತಿದ ಪುಟ್ಟ 2 ಅಥವಾ 3, ಮತ್ತೆ ಅದೇ ಎ, ಹೀಗೆ ಸಾಲು ಕಂಡರೆ ಕನ್ನಡದ ಬೈಟ್‌ಗಳನ್ನು ಯಾರೋ ಪಶ್ಚಿಮ ಯುರೋಪಿನ ಅಕ್ಷರ ಎಂದು ಓದಿದ್ದಾರೆ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಪಟ್ಟಿ) ಫೈಲ್ ಅನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಹೀಗಾಗುವುದು ಜಾಸ್ತಿ. ಇದನ್ನು ಹೆಚ್ಚಿನ ಸಲ ವಾಪಸ್ ತರಬಹುದು. ಎಕ್ಸೆಲ್‌ನಲ್ಲಿ ಸೇವ್ ಒತ್ತದೆ ಮುಚ್ಚಿ. ಡೇಟಾ ಮೆನುವಿನಿಂದ ಫೈಲ್ ತರಿಸಿ, 65001 ಯುಟಿಎಫ್-8 ಎಂದು ಆರಿಸಿ. ಲಿಬ್ರೆ ಆಫೀಸ್ ಆದರೆ ತೆರೆಯುವಾಗ ತಾನೇ ಕೇಳುತ್ತದೆ. ಬರೀ ಪ್ರಶ್ನೆ ಚಿಹ್ನೆಗಳೇ ಇದ್ದರೆ ಮಾತ್ರ ಆ ಫೈಲ್‌ನಿಂದ ಏನೂ ಸಿಗುವುದಿಲ್ಲ. ಮೊದಲು ತೆಗೆದಿಟ್ಟ ಪ್ರತಿಗೆ ಹೋಗಿ.

ಎಕ್ಸೆಲ್ ಇನ್ನೊಂದು ಕೆಲಸ ಮಾಡುತ್ತದೆ. 08384 ಎಂದು ಶುರುವಾಗುವ ಶಿರಸಿಯ ನಂಬರ್‌ನ ಮುಂದಿನ ಸೊನ್ನೆ ಬೀಳಿಸುತ್ತದೆ. 91 ಸೇರಿ 12 ಅಂಕಿಯಾದ ಮೊಬೈಲ್ ನಂಬರ್ ಅನ್ನು 9.19ಇ+11 ಎಂದು ತೋರಿಸುತ್ತದೆ. ಹಾಗೇ ಸಿಎಸ್‌ವಿ ಆಗಿ ಉಳಿಸಿದರೆ ಉಳಿದ ಅಂಕಿಗಳು ಹೋದವು ಎಂದೇ ಅರ್ಥ. ನಂಬರ್‌ನ ಕಾಲಮ್ ಅನ್ನು ತರಿಸುವಾಗಲೇ ಟೆಕ್ಸ್ಟ್ ಎಂದು ಗುರುತು ಮಾಡಬೇಕು.

ಮದುವೆ, ಉಪನಯನದ ಕರೆಯೋಲೆ ಪಟ್ಟಿಯಿಂದ ಹೆಸರು ತಂದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಹಳೆಯ ಪಟ್ಟಿಗಳು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ, ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಅಲ್ಲ. ಡೆಸ್ಕ್‌ಟಾಪ್‌ನಲ್ಲಿ ಆ ಫಾಂಟ್ ಇರುವುದರಿಂದ ಚೆನ್ನಾಗಿ ಕಾಣುತ್ತದೆ. ಮ್ಯಾಕ್‌ಗೆ ಹೋದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಿಸುವ ಸಾಧನ ಇದೆ. ಪಟ್ಟಿಯನ್ನು ಮೊದಲು ಅದರಲ್ಲಿ ಹಾಯಿಸಿ, ಆಮೇಲೆ ಕಾರ್ಡ್ ಮಾಡಿ.

ಎಲ್ಲರೂ ಎರಡೆರಡು ಸಲ ಕಾಣುತ್ತಾರೆ

ಎರಡು ದಾರಿ ತೆರೆದಿದ್ದರೆ ಹೀಗಾಗುತ್ತದೆ. ಮ್ಯಾಕ್‌ನಲ್ಲಿ ಐಕ್ಲೌಡ್ ಮತ್ತು ಗೂಗಲ್ ಎರಡೂ ಇವೆ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವ ಆ್ಯಪ್ ಬೇರೆ ಇದೆ ಎಂದುಕೊಳ್ಳಿ. ನಕಲಾದ ಕಾರ್ಡ್‌ಗೆ ಹೊಸ ಯುಐಡಿ ಸಿಗುತ್ತದೆ. ಅದು ಹೊಸಬರೆಂದು ತಿಳಿದು ಮತ್ತೆ ನಕಲಾಗುತ್ತದೆ. ಒಂದೇ ಫೈಲ್ ಅನ್ನು ಎರಡು ಸಲ ಇಂಪೋರ್ಟ್ ಮಾಡಿದರೂ ಕೆಲವು ಕಡೆ ಇದೇ ಪಾಡು. ಮೊದಲು ಒಂದು ದಾರಿ ಮುಚ್ಚಿ. ದಾರಿ ತೆರೆದೇ ಇಟ್ಟು ಅಳಿಸುತ್ತಾ ಕೂತರೆ ಕೆಲಸ ಮುಗಿಯುವುದಿಲ್ಲ.

ಆಮೇಲೆ ಬರುವುದು ಜೋಡಿ ಕಾರ್ಡ್‌ಗಳನ್ನು ಒಂದು ಮಾಡುವ ಮರ್ಜ್ ಬಟನ್. ಉತ್ತರ ಕನ್ನಡದವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಎಲ್ಲವನ್ನೂ ಒಟ್ಟಿಗೇ ಮರ್ಜ್ ಮಾಡಬೇಡಿ. ನಮ್ಮಲ್ಲಿ ಗಣಪತಿ ಹೆಗಡೆ ಎಂದರೆ ಯಾವ ಗಣಪತಿ ಹೆಗಡೆ? ಹೆಗಡೆ, ಭಟ್ಟ, ನಾಯ್ಕ, ಗೌಡ ಎಂಬ ಅಡ್ಡಹೆಸರುಗಳ ಮುಂದೆ ಅವವೇ ಹೆಸರುಗಳು ಊರೂರಲ್ಲೂ ಇವೆ. ಯಂತ್ರ ಹೆಸರು ನೋಡಿ ನಾಲ್ವರನ್ನು ಒಬ್ಬರನ್ನಾಗಿ ಮಾಡಿಬಿಡುತ್ತದೆ. ನಂಬರ್ ನೋಡಿ ಮರ್ಜ್ ಮಾಡುವುದೂ ಅಪಾಯವೇ. ಕೂಡುಕುಟುಂಬದ ಅಣ್ಣತಮ್ಮಂದಿರ ಕಾರ್ಡ್‌ಗಳಲ್ಲೆಲ್ಲ ಮನೆಯ ಅದೇ ಲ್ಯಾಂಡ್‌ಲೈನ್ ಇರುತ್ತದೆ, ಅಲ್ವಾ? ಒಂದೊಂದಾಗಿ ನೋಡಿ ಸೇರಿಸಿ. ಮುಂದೆ ಹೀಗಾಗದಂತೆ ಮನೆಯ ಹೆಸರನ್ನೋ ಊರನ್ನೋ ನೋಟ್ಸ್‌ನಲ್ಲಿ ಬರೆಯದೆ ಹೆಸರಿನ ಜೊತೆಗೇ ಬರೆಯಿರಿ. ನಂಬರ್ ಎಲ್ಲ ಕಡೆ +91 ಹಾಕಿಯೇ ಉಳಿಸಿ, ಲ್ಯಾಂಡ್‌ಲೈನ್ ಆದರೆ ಮುಂದಿನ ಸೊನ್ನೆ ಬಿಟ್ಟು. ಕಾರವಾರದ್ದು +91 8382, ಕುಮಟಾದ್ದು +91 8386, ಹೀಗೆ. ಸೊನ್ನೆ ಇರುವುದೊಂದು, ಇಲ್ಲದ್ದೊಂದು ಎಂದು ಆದ ಜೋಡಿಗಳು ಆಗ ತಾವಾಗಿ ಕಡಿಮೆಯಾಗುತ್ತವೆ.

ಗುಂಪುಗಳು ಹೋದವು, ಹುಟ್ಟಿದ ವರ್ಷ 1604 ಆಯಿತು

ಆ್ಯಪಲ್ ಗುಂಪನ್ನೇ ಒಂದು ಬೇರೆ ಕಾರ್ಡ್ ಆಗಿ ಬರೆಯುತ್ತದೆ. ನೆಕ್ಸ್ಟ್‌ಕ್ಲೌಡ್‌ನಂಥವು ಪ್ರತಿಯೊಬ್ಬರ ಕಾರ್ಡ್‌ನಲ್ಲೇ ಗುಂಪಿನ ಹೆಸರು ಬರೆಯುತ್ತವೆ. ಒಂದರದ್ದು ಇನ್ನೊಂದಕ್ಕೆ ಅರ್ಥವಾಗದೆ ಗುಂಪು ಮಾಯವಾಗುತ್ತದೆ, ಜನ ಅಲ್ಲೇ ಇರುತ್ತಾರೆ. ಡಾವ್‌ಎಕ್ಸ್5ನಲ್ಲಿ ಗುಂಪಿನ ಪದ್ಧತಿ ಆರಿಸುವ ಸೆಟ್ಟಿಂಗ್ ಇದೆ, ಸರ್ವರ್‌ಗೆ ಹೊಂದುವುದನ್ನು ಆರಿಸಿ. ಇನ್ನು, ವರ್ಷ ಹಾಕದೆ ಹುಟ್ಟುಹಬ್ಬ ಬರೆದರೆ ಆ್ಯಪಲ್ ಒಳಗೆ 1604 ಎಂದು ಇಟ್ಟುಕೊಳ್ಳುತ್ತದೆ. ಬೇರೆ ಆ್ಯಪ್ ಅದನ್ನು ನಿಜ ಎಂದು ತೋರಿಸುತ್ತದೆ. ನಿಜವಾದ ವರ್ಷ ಹಾಕಿದರೆ ಸರಿಹೋಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ

ಈಗ ಅಕೌಂಟ್ ತೆಗೆದು ಹಾಕಬಹುದು, ತೊಂದರೆ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ. ಅದಕ್ಕೂ ಮೊದಲು ಆ ಕಂಪ್ಯೂಟರ್‌ನ ಕಾರ್ಡ್‌ಗಳ ಲೆಕ್ಕವನ್ನು ಸರ್ವರ್‌ನ ಲೆಕ್ಕದೊಂದಿಗೆ ತಾಳೆ ನೋಡಿ. ಕಂಪ್ಯೂಟರ್‌ನಲ್ಲಿ ಜಾಸ್ತಿ ಇದ್ದರೆ ಆ ಹೆಚ್ಚಿನವು ಇನ್ನೂ ಸರ್ವರ್ ಮುಟ್ಟಿಲ್ಲ. ಅವನ್ನು ಹುಡುಕಿ ಬೇರೆ ಎಕ್ಸ್‌ಪೋರ್ಟ್ ಮಾಡಿ, ಸರ್ವರ್‌ನ ಪುಟದಿಂದಲೇ ಒಳಗೆ ಹಾಕಿ. ಇಂಪೋರ್ಟ್ ಆಗದೆ ಹಿಂದಕ್ಕೆ ಬರುವ ಕಾರ್ಡ್ ಇದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಎಫ್‌ಎನ್ ಸಾಲು ಇದೆಯೇ ನೋಡಿ. 3.0 ಆವೃತ್ತಿಗೆ ಆ ಸಾಲು ಬೇಕೇ ಬೇಕು, ಹೆಸರಿಲ್ಲದೆ ಬರೀ ನಂಬರ್ ಉಳಿಸಿದ ಕಾರ್ಡ್‌ಗಳು ಸಿಕ್ಕಿಬೀಳುವುದು ಇಲ್ಲೇ. ಲೆಕ್ಕ ಸರಿಹೋದ ಮೇಲೆ ಅಕೌಂಟ್ ತೆಗೆಯಿರಿ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಮತ್ತೆ ಅಕೌಂಟ್ ಸೇರಿಸಿ. ಮೊದಲ ಸಿಂಕ್ ಮುಗಿಯುವವರೆಗೆ ಬೇರೆ ಯಾರೂ ಕಾರ್ಡ್ ತಿದ್ದದಿರಲಿ. ಫೋಟೋಗಳು ಇದ್ದರೆ ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮೂರು ಪರೀಕ್ಷೆ ಕಾರ್ಡ್‌ಗಳೂ ಎಲ್ಲ ಕಡೆ ಕಂಡ ಮೇಲೆ ಒಂದು ಕಂಪ್ಯೂಟರ್‌ನಿಂದ ಅವನ್ನು ಅಳಿಸಿ, ಉಳಿದೆರಡರಲ್ಲೂ ಹೋದವೇ ಎಂದು ನೋಡಿ. ಬೇರೆ ಕಡೆ ಸೇರಿಸಿದ್ದು ಒಂದು ಕಂಪ್ಯೂಟರ್‌ಗೆ ಬರುತ್ತದೆ, ಅಲ್ಲಿ ಅಳಿಸಿದ್ದು ಮಾತ್ರ ಬೇರೆ ಕಡೆ ಹೋಗುವುದಿಲ್ಲ ಎಂದಾದರೆ ಅದರ ಪುಸ್ತಕಕ್ಕೆ ರೀಡ್-ಓನ್ಲಿ (ಓದಲು ಮಾತ್ರ) ಗುರುತು ಬಿದ್ದಿದೆಯೇ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿ ತೆಗೆಯಿರಿ.